ಐಸಿಯುನಲ್ಲಿ ಹೃದ್ರೋಗ ತಜ್ಞರಲ್ಲದ ವೈದ್ಯರು ಎಕೋ ಮಾಡಿದರೆ ಅದು ಮೋಸವೇ?

ಹೇಳಿಕೆ: ಐಸಿಯು ವೈದ್ಯರಿಗೆ ಹೃದಯದ ಎಕೋ ಮಾಡಲು ಬರುವುದಿಲ್ಲ. ದಿನಕ್ಕೆ ಎರಡು ಮೂರು ಸಲ ಎದೆ ಮೇಲೆ ಯಂತ್ರ ಇಡುವುದು ಬಿಲ್ ಏರಿಸಲು ಮಾತ್ರ.

ವಾಸ್ತವ: ತಪ್ಪು. ತರಬೇತಿ ಪಡೆದ ಐಸಿಯು ವೈದ್ಯರು ಹಾಸಿಗೆ ಪಕ್ಕದಲ್ಲೇ ಎಕೋ ಮಾಡುವುದು ಜಗತ್ತಿನಾದ್ಯಂತ ಒಪ್ಪಿತವಾದ ಪದ್ಧತಿ. ಆದರೆ ಇದು ಹೃದ್ರೋಗ ತಜ್ಞರ ಪೂರ್ಣ ಎಕೋಗೆ ಬದಲಿ ಅಲ್ಲ.

ಸಾಸ್ವೆಹಳ್ಳಿ, ನ್ಯಾಮತಿ, ಚನ್ನಗಿರಿ ಕಡೆಯಿಂದ ರೋಗಿಯನ್ನು ಶಿವಮೊಗ್ಗಕ್ಕೋ ದಾವಣಗೆರೆಗೋ ಕರೆತಂದು ಐಸಿಯು ಬಾಗಿಲ ಹೊರಗೆ ಕೂತವರಿಗೆ ಒಳಗೆ ಏನಾಗುತ್ತಿದೆ ಎಂದು ಗೊತ್ತಾಗುವುದಿಲ್ಲ. ಅಂಥ ಹೊತ್ತಿನಲ್ಲಿ ಅನುಮಾನ ಸಹಜ. ಆದ್ದರಿಂದ ಈ ಪರೀಕ್ಷೆ ಏನು, ಯಾರು ಮಾಡಬಹುದು ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಎಕೋ ಎಂದರೇನು?

ಮನುಷ್ಯರ ಕಿವಿಗೆ ಸುಮಾರು 20,000 ಹರ್ಟ್ಸ್‌ವರೆಗಿನ ಶಬ್ದ ಮಾತ್ರ ಕೇಳಿಸುತ್ತದೆ. ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಆವರ್ತನದ ಶಬ್ದವನ್ನು ಯಂತ್ರದ ಪ್ರೋಬ್ ಎದೆಯೊಳಗೆ ಕಳುಹಿಸುತ್ತದೆ. ಹೃದಯಕ್ಕೆ ತಾಗಿ ಮರಳುವ ಪ್ರತಿಧ್ವನಿಯಿಂದ ಪರದೆಯ ಮೇಲೆ ಚಿತ್ರ ಮೂಡುತ್ತದೆ. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಇಂಗೆ ಎಡ್ಲರ್ ಮತ್ತು ಹೆಲ್ಮುತ್ ಹರ್ಟ್ಸ್ ಈ ವಿಧಾನದಿಂದ ಹೃದಯದ ಚಲನೆಯನ್ನು ಮೊದಲು ದಾಖಲಿಸಿದರು. ಇದರಲ್ಲಿ ಎಕ್ಸ್-ರೇ ಥರದ ವಿಕಿರಣ ಇಲ್ಲ. ಆದ್ದರಿಂದ ದಿನಕ್ಕೆ ಹಲವು ಬಾರಿ ಮಾಡಿದರೂ ವಿಕಿರಣದ ಭಯ ಬೇಡ.

ಐಸಿಯುನಲ್ಲಿ ಏಕೆ ಬೇಕು?

ಡೆಂಗಿ ರೋಗಿಯೊಬ್ಬರ ಬಿಪಿ ಕುಸಿದಿದೆ ಎಂದುಕೊಳ್ಳಿ. ರಕ್ತನಾಳದಿಂದ ನೀರಿನಂಶ ಸೋರಿ ಬಿಪಿ ಇಳಿದಿದ್ದರೆ ಡ್ರಿಪ್ ಕೊಡಬೇಕು. ಸೋಂಕಿನಿಂದ ಹೃದಯದ ಸ್ನಾಯುವೇ ಸೋತಿದ್ದರೆ ಅದೇ ಡ್ರಿಪ್ ಹೆಚ್ಚಾಗಿ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ: ಕೈಕಾಲು ತಣ್ಣಗೆ, ನಾಡಿ ವೇಗ, ಬಿಪಿ ಕಡಿಮೆ. ಎಕೋ ಇಲ್ಲಿ ದಾರಿ ತೋರಿಸುತ್ತದೆ.

ವೈದ್ಯರು ಮುಖ್ಯವಾಗಿ ನೋಡುವುದು ಇವನ್ನು:

• ಹೃದಯ ಚೆನ್ನಾಗಿ ಪಂಪ್ ಮಾಡುತ್ತಿದೆಯೇ?
• ಹೃದಯದ ಸುತ್ತ ನೀರು ಅಥವಾ ರಕ್ತ ತುಂಬಿ ಅದನ್ನು ಒತ್ತುತ್ತಿದೆಯೇ?
• ಬಲಭಾಗ ಉಬ್ಬಿದೆಯೇ? (ಶ್ವಾಸಕೋಶದ ರಕ್ತನಾಳಕ್ಕೆ ಹೆಪ್ಪು ಸಿಕ್ಕಿಕೊಂಡ ಸೂಚನೆ ಇರಬಹುದು.)
• ಇನ್ನೂ ಡ್ರಿಪ್ ಕೊಡಬಹುದೇ, ನಿಲ್ಲಿಸಬೇಕೇ?

ಇವಕ್ಕೆ ಉತ್ತರ ಕೆಲವೇ ನಿಮಿಷಗಳಲ್ಲಿ, ರಾತ್ರಿ ಎರಡು ಗಂಟೆಗೂ ಸಿಗಬೇಕು. ವೆಂಟಿಲೇಟರ್‌ನಲ್ಲಿರುವ ರೋಗಿಯನ್ನು ಎಕೋ ಕೊಠಡಿಗೆ ಸಾಗಿಸುವುದೇ ಅಪಾಯ. ಔಷಧ ಕೊಟ್ಟ ಮೇಲೆ ಹೃದಯ ಚೇತರಿಸಿತೇ ಎಂದು ತಿಳಿಯಲು ಮತ್ತೆ ನೋಡಬೇಕಾಗುತ್ತದೆ. ದಿನಕ್ಕೆ ಎರಡು ಮೂರು ಸಲ ಯಂತ್ರ ಬರುವುದು ಇದಕ್ಕೇ.

ಅವರಿಗೆ ತರಬೇತಿ ಹೇಗೆ?

ಯಂತ್ರ ಇದ್ದ ಮಾತ್ರಕ್ಕೆ ಯಾರು ಬೇಕಾದರೂ ನೋಡಬಹುದು ಎಂದಲ್ಲ. 2011ರಲ್ಲಿ ಅಂತಾರಾಷ್ಟ್ರೀಯ ತಜ್ಞರು ಕನಿಷ್ಠ ಮಟ್ಟವನ್ನು ಸೂಚಿಸಿದರು: ಮೂಲ ಹಂತಕ್ಕೆ ಕನಿಷ್ಠ 10 ಗಂಟೆಗಳ ಪಾಠ ಮತ್ತು ಅನುಭವಿಗಳ ಮೇಲ್ವಿಚಾರಣೆಯಲ್ಲಿ ಸುಮಾರು 30 ಎಕೋ. ಮುಂದುವರಿದ ಹಂತಕ್ಕೆ 2014ರ ಶಿಫಾರಸು ಇನ್ನೂ ಕಠಿಣ: 40 ಗಂಟೆಗಳ ಪಾಠ, ಎದೆ ಮೇಲಿನಿಂದ 100 ಎಕೋ, ಅನ್ನನಾಳದ ಮೂಲಕ 35 ಎಕೋ. ನಮ್ಮಲ್ಲಿ 1993ರಲ್ಲಿ ಶುರುವಾದ ಇಂಡಿಯನ್ ಸೊಸೈಟಿ ಆಫ್ ಕ್ರಿಟಿಕಲ್ ಕೇರ್ ಮೆಡಿಸಿನ್ ಕೂಡ ಐಸಿಯು ವೈದ್ಯರಿಗೆ ಅಲ್ಟ್ರಾಸೌಂಡ್ ಕಾರ್ಯಾಗಾರಗಳನ್ನು ನಡೆಸುತ್ತದೆ.

ಒಂದು ದಿನದ ಕಾರ್ಯಾಗಾರವಷ್ಟೇ ಏಕೆ ಸಾಲದು? ಪ್ರೋಬ್ ಸ್ವಲ್ಪ ಓರೆಯಾದರೂ ಸರಿಯಿರುವ ಹೃದಯ ಉಬ್ಬಿದಂತೆ ಕಾಣಬಹುದು. ಹೃದಯದ ಮೇಲಿನ ಕೊಬ್ಬು ನೀರಿನಂತೆ ಕಂಡು ದಾರಿ ತಪ್ಪಿಸಬಹುದು. ಅದಕ್ಕೇ ಹಿರಿಯರ ಪಕ್ಕ ನಿಂತು, ಮತ್ತೆ ಮತ್ತೆ ಮಾಡಿ, ತಪ್ಪು ತಿದ್ದಿಸಿಕೊಳ್ಳಬೇಕು. ತನಗೆ ತಿಳಿಯದ್ದು ಕಂಡಾಗ ಹೃದ್ರೋಗ ತಜ್ಞರನ್ನು ಕರೆಯುವುದೂ ಈ ತರಬೇತಿಯ ಭಾಗ.

ಎಕೋ ಹೇಳದ ಸಂಗತಿ

2025ರ ಜುಲೈನಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳ ನಂತರ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳಿಗೆ ತಪಾಸಣೆಗಾಗಿ ಜನ ಮುಗಿಬಿದ್ದರು. ಇಂಥ ಆತಂಕದಲ್ಲಿ ‘ಎಕೋ ನಾರ್ಮಲ್ ಬಂತು, ಇನ್ನು ಹೃದಯಾಘಾತ ಆಗಲ್ಲ’ ಎಂಬ ಇನ್ನೊಂದು ತಪ್ಪು ನಂಬಿಕೆಯೂ ಬೆಳೆಯುತ್ತದೆ. ಸಾಮಾನ್ಯ ಎಕೋ ಹೃದಯದ ರಕ್ತನಾಳಗಳ ಬ್ಲಾಕೇಜನ್ನು ನೇರವಾಗಿ ತೋರಿಸುವುದಿಲ್ಲ. ಅದಕ್ಕೆ ಆಂಜಿಯೋಗ್ರಾಂ ಬೇಕು. ಎದೆನೋವು ಬಂದರೆ ಹಳೆಯ ಎಕೋ ರಿಪೋರ್ಟ್ ನೋಡಿ ಸುಮ್ಮನಿರಬೇಡಿ. 108ಕ್ಕೆ ಕರೆ ಮಾಡಿ, ಕೂಡಲೇ ಇಸಿಜಿ ಮಾಡಿಸಿ.

ಯಂತ್ರವನ್ನು ಮನೆಗೇ ತರಬಹುದಲ್ಲವೇ?

ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಯಂತ್ರಗಳು ಈಗ ಇವೆ. ಆದರೆ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾನೂನಿನಡಿ ಅಲ್ಟ್ರಾಸೌಂಡ್ ಯಂತ್ರಗಳು ನೋಂದಣಿಯಾಗಬೇಕು. ಸಾಗಿಸಬಹುದಾದ ಯಂತ್ರಗಳನ್ನು ಎಲ್ಲೆಂದರಲ್ಲಿ ಬಳಸುವಂತಿಲ್ಲ.

ನೀವು ಕೇಳಬಹುದಾದ ಪ್ರಶ್ನೆಗಳು

ಅನುಮಾನವಿದ್ದರೆ ಜಗಳ ಬೇಡ, ಫಾರ್ವರ್ಡೂ ಬೇಡ. ವೈದ್ಯರನ್ನೇ ಕೇಳಿ: ‘ಡಾಕ್ಟ್ರೇ, ಎಕೋದಲ್ಲಿ ಏನು ಕಂಡಿತು? ಅದರಿಂದ ಚಿಕಿತ್ಸೆಯಲ್ಲಿ ಏನು ಬದಲಾಯಿತು? ಹೃದ್ರೋಗ ತಜ್ಞರು ನೋಡಬೇಕೇ?’ ಬಿಲ್ಲಿನಲ್ಲಿ ‘ಎಕೋ’ ಎಂದಿದ್ದರೆ ಅದು ಪೂರ್ಣ ಎಕೋನೋ, ಹಾಸಿಗೆ ಪಕ್ಕದ ಚಿಕ್ಕ ತಪಾಸಣೆಯೋ ಎಂದೂ ಕೇಳಿ. ಇವನ್ನು ಕೇಳುವ ಹಕ್ಕು ನಿಮಗಿದೆ.

ಆದರೆ ‘ಹೃದಯದ ಡಾಕ್ಟರ್ ಬರುವವರೆಗೆ ಮುಟ್ಟಬೇಡಿ’ ಎಂದು ತಡೆಯಬೇಡಿ. ಬಿಪಿ ಕುಸಿದ ರೋಗಿಗೆ ಆ ಕಾಯುವಿಕೆಯೇ ದುಬಾರಿಯಾಗಬಹುದು.