ಥೇಮ್ಸ್ ನದಿಯ ಕಾವಲು

ಕಳ್ಳನೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ನಡುರಾತ್ರಿಯಲ್ಲಿ ಗೋಡೆಗೆ ಕನ್ನ ಕೊರೆಯುವವನ ಚಿತ್ರ. ಅಂಥವನಿಗೆ ಬೀಗವುಂಟು, ನಾಯಿಯುಂಟು, ಕಾವಲುಗಾರನ ಕೋಲುಂಟು. ಆದರೆ ಬೀಗದ ಕೈ ಹಿಡಿದವನೇ ಕಳ್ಳನಾದರೆ? ಉಂಡ ಮನೆಗೆ ಎರಡು ಬಗೆಯುವವನನ್ನು ತಡೆಯುವುದು ಹೇಗೆಂಬುದು ಅಂಗಡಿ, ಕಾರ್ಖಾನೆ, ಬ್ಯಾಂಕು, ಖಜಾನೆಗಳೆಲ್ಲಕ್ಕೂ ಹಳೆಯ ತಲೆನೋವು. ಅಪರಾಧವನ್ನು ಕುರಿತ ಶಾಸ್ತ್ರವಿಚಾರವನ್ನು ಪುಸ್ತಕದಿಂದ ಹೊರಗೆ ತಂದು ಈ ತಲೆನೋವಿಗೆ ಮದ್ದಾಗಿ ಅರೆದು ನೋಡಿದ ಮೊದಮೊದಲ ಪ್ರಯೋಗಗಳಲ್ಲಿ ಒಂದು 1798ರಲ್ಲಿ ಲಂಡನ್ನಿನ ಥೇಮ್ಸ್ ನದಿಯ ಮೇಲೆ ನಡೆಯಿತು. ಅದರ ಗೆಲುವು ಎಷ್ಟು ಬೋಧಪ್ರದವೋ ಅದರ ನೆತ್ತರೂ ಅಷ್ಟೇ ಬೋಧಪ್ರದ.

ಆ ಕಾಲದ ಇಂಗ್ಲೆಂಡಿನ ರಾಜನೀತಿಗೆ ತಿಳಿದಿದ್ದುದು ಒಂದೇ ಮದ್ದು, ನೇಣುಗಂಬ. ಹದಿನೆಂಟನೆಯ ಶತಮಾನ ಮುಗಿಯುವ ವೇಳೆಗೆ ಮರಣದಂಡನೆಗೆ ಗುರಿಯಾಗುವ ಅಪರಾಧಗಳು 200ನ್ನು ಮೀರಿದ್ದವು. ಅಂಗಡಿಯಿಂದ ಐದು ಷಿಲಿಂಗ್ ಬೆಲೆಯ ಸರಕು ಕದ್ದವನಿಗೂ ಗಲ್ಲು. ಹಡಗಿನಿಂದಾಗಲಿ ನದಿಯ ಕಟ್ಟೆಯಿಂದಾಗಲಿ 40 ಷಿಲಿಂಗ್ ಬೆಲೆಯ ಮಾಲು ಕದ್ದವನಿಗೆ ಗಲ್ಲೆಂದು 1751ರಲ್ಲಿಯೇ ಕಾನೂನಾಗಿತ್ತು. ಆದರೂ ನದಿಯ ಕಳವು ವರ್ಷೇ ವರ್ಷೇ ಬೆಳೆಯುತ್ತಲೇ ಇತ್ತು. ದಂಡನೆ ಘೋರವಾದಷ್ಟೂ ದೂರು ಕೊಡುವವರೂ ಅಪರಾಧಿಯೆಂದು ತೀರ್ಮಾನಿಸುವವರೂ ಹಿಂಜರಿಯುತ್ತಿದ್ದರು. ಒಂದು ಚೀಲ ಸಕ್ಕರೆಗಾಗಿ ಒಬ್ಬನ ಕೊರಳಿಗೆ ಹಗ್ಗ ಹಾಕಿಸಲು ಯಾರಿಗೆ ಮನಸ್ಸು ಬಂದೀತು?

ಇದರ ಮರ್ಮವನ್ನು ಮಿಲಾನಿನ ಬೆಕಾರಿಯಾ 1764ರಲ್ಲಿ ಬಿಡಿಸಿ ಹೇಳಿದ್ದ. ಅಪರಾಧ ಮತ್ತು ಶಿಕ್ಷೆಗಳನ್ನು ಕುರಿತ ಅವನ ಚಿಕ್ಕ ಪುಸ್ತಕದ ಸಾರ ಇಷ್ಟು: ಮನುಷ್ಯನನ್ನು ತಡೆಯುವುದು ಶಿಕ್ಷೆಯ ಕ್ರೌರ್ಯವಲ್ಲ, ಅದರ ನಿಶ್ಚಿತತೆ. ಆದುದರಿಂದ ದಂಡಿಸುವುದಕ್ಕಿಂತ ತಡೆಯುವುದೇ ಲೇಸು. ಯೂರೋಪಿನ ಪಂಡಿತರು ಇದಕ್ಕೆ ತಲೆದೂಗಿದರು. ಕೈಗೆ ಎತ್ತಿಕೊಂಡು ನಡೆಸಿ ತೋರಿಸುವುದಕ್ಕೆ ಮಾತ್ರ ಒಬ್ಬ ವ್ಯಾಪಾರಿಯೇ ಬೇಕಾಯಿತು.

ಆ ವ್ಯಾಪಾರಿ ಪ್ಯಾಟ್ರಿಕ್ ಕಾಲ್ಹೂನ್. 1745ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಹರೆಯದಲ್ಲೇ ಅಮೆರಿಕದ ವರ್ಜೀನಿಯಾಕ್ಕೆ ಹೋಗಿ ವ್ಯಾಪಾರ ಕಲಿತು, ಹಿಂತಿರುಗಿ ಗ್ಲಾಸ್ಗೋ ನಗರದ ಪುರಾಧ್ಯಕ್ಷನಾಗಿ, 1783ರಲ್ಲಿ ಅಲ್ಲಿನ ವರ್ತಕರ ಸಂಘವನ್ನು ಕಟ್ಟಿದವನು. ಮುಂದೆ ಲಂಡನ್ನಿನಲ್ಲಿ ಮ್ಯಾಜಿಸ್ಟ್ರೇಟನಾದ. ಕಳ್ಳತನವನ್ನೂ ಅವನು ನೋಡಿದ್ದು ವರ್ತಕನ ಕಣ್ಣಿನಿಂದ: ಎಲ್ಲಿ ಸೋರುತ್ತದೆ, ಎಷ್ಟು ಸೋರುತ್ತದೆ, ಮುಚ್ಚಲು ಎಷ್ಟು ಖರ್ಚು?

ಸೋರಿಕೆಗೇನೂ ಕಡಮೆಯಿರಲಿಲ್ಲ. ಹಡಗುಗಳು ನದಿಯ ನಡುವೆಯೇ ದಟ್ಟವಾಗಿ ಲಂಗರು ಹಾಕಿ ವಾರಗಟ್ಟಲೆ ಕಾಯಬೇಕಾಗಿತ್ತು. ಸರಕನ್ನು ಚಿಕ್ಕ ದೋಣಿಗಳಿಗೆ ಇಳಿಸಿ ದಡಕ್ಕೆ ತರಬೇಕು. ಪ್ರತಿ ಇಳಿತದಲ್ಲೂ ಹತ್ತು ಕೈ ಬದಲು. ಕದಿಯುವವರಲ್ಲಿ ವರ್ಗಗಳಿದ್ದವು, ವರ್ಗಕ್ಕೊಂದು ಅಡ್ಡಹೆಸರೂ ಇತ್ತು. ರಾತ್ರಿಯಲ್ಲಿ ಹಡಗಿನ ಅಧಿಕಾರಿಗೂ ಸುಂಕದವನಿಗೂ ಲಂಚ ಕೊಟ್ಟು ಪೀಪಾಯಿ ಒಡೆಯುವವರು ‘ಹಗುರ ಸವಾರರು’. ಹಗಲಲ್ಲೇ ಸಡಿಲ ಉಡುಪಿನೊಳಗೆ ಗುಪ್ತ ಜೇಬು ಹೊಲಿಸಿ, ಕಾಲಿಗೆ ಉದ್ದನೆಯ ಚೀಲ ಕಟ್ಟಿಕೊಂಡು ಸಕ್ಕರೆ, ಕಾಫಿ ಸಾಗಿಸುವ ಹಮಾಲರು ‘ಭಾರಿ ಸವಾರರು’. ಹಡಗಿನಿಂದ ಎಸೆದ ಗಂಟನ್ನು ಇಳಿತದ ಕೆಸರಿನಲ್ಲಿ ನಿಂತು ಹಿಡಿಯುವವರು ‘ಕೆಸರುಹಕ್ಕಿಗಳು’. ನದಿಯ ಕಸುಬುಗಳಲ್ಲಿದ್ದ 33,000 ಜನರಲ್ಲಿ 11,000 ಮಂದಿ ಕಳವಿಗೆ ಬಿದ್ದವರೆಂದೂ, ವರ್ಷಕ್ಕೆ 5 ಲಕ್ಷ ಪೌಂಡು ನಷ್ಟವೆಂದೂ ಕಾಲ್ಹೂನನ ಅಂದಾಜು. ಯೋಜನೆ ಮಾರುವವನ ಅಂದಾಜಿನಲ್ಲಿ ಕೊಂಚ ಉಬ್ಬರವಿರುವುದು ಸಹಜ. ಆದರೆ ರೋಗ ಸುಳ್ಳಾಗಿರಲಿಲ್ಲ.

ಇತ್ತ ಜಾನ್ ಹ್ಯಾರಿಯಟ್ ಎಂಬ ಹಳೆಯ ನಾವಿಕ ನದಿಯ ಕಾವಲಿಗೊಂದು ಯೋಜನೆ ಬರೆದು ಹಿಡಿದುಕೊಂಡು ಅಲೆಯುತ್ತಿದ್ದ. ಇಬ್ಬರೂ ಕೂಡಿದರು. ವೆಸ್ಟ್ ಇಂಡೀಸ್ ವ್ಯಾಪಾರಿಗಳ ಹಣ, ಸರ್ಕಾರದ ಒಪ್ಪಿಗೆ ದೊರೆತು 1798ರ ಜುಲೈ 2ರಂದು ವಾಪಿಂಗ್ ಎಂಬಲ್ಲಿ ನದೀ ಪೋಲೀಸು ಕಚೇರಿ ಬಾಗಿಲು ತೆರೆಯಿತು.

ಅವರು ಮಾಡಿದ್ದೇನು? ನೇಣಿನ ಹಗ್ಗವನ್ನು ಉದ್ದ ಮಾಡಲಿಲ್ಲ. ಹಗಲಿರುಳೂ ದೋಣಿಗಳಲ್ಲಿ ಗಸ್ತು ತಿರುಗಿಸಿದರು. ಇಳಿಸುವ ಹಡಗಿನ ಮೇಲೂ ಕಟ್ಟೆಯ ಮೇಲೂ ಕಾವಲಿಟ್ಟರು. ಹಮಾಲರ ಹೆಸರನ್ನು ದಾಖಲೆಗೆ ತಂದರು. ಜೇಬು ಅಡಗಿಸುವ ಸಡಿಲ ಉಡುಪನ್ನು ನಿಷೇಧಿಸಿದರು. ಇದೆಲ್ಲಕ್ಕಿಂತ ಮುಖ್ಯವಾದದ್ದು, ಕೂಲಿಯ ದರವನ್ನು ಗೊತ್ತುಮಾಡಿದರು. ಏಕೆಂದರೆ ಗುತ್ತಿಗೆದಾರರು ಹಮಾಲರಿಗೆ ಹೊಟ್ಟೆ ತುಂಬುವಷ್ಟು ಕೊಡುತ್ತಿರಲಿಲ್ಲ. ಕೆಲವು ಹಡಗುಗಳಲ್ಲಂತೂ ಕೂಲಿಯಿಲ್ಲದೆಯೇ ಕೆಲಸಕ್ಕೆ ಬರುವವರಿದ್ದರು. ಬಿಟ್ಟಿ ದುಡಿಯುವವನು ಸಂಜೆಗೆ ಬರಿಗೈಯಲ್ಲಿ ಹೋಗುವನೆಂದು ಯಾವ ಧಣಿ ತಾನೆ ನಂಬಿದ್ದಾನು? ಕಳವೇ ಕೂಲಿಯಾಗಿತ್ತು, ಅದು ಎಲ್ಲರಿಗೂ ತಿಳಿದಿತ್ತು, ಯಾರ ಲೆಕ್ಕದ ಪುಸ್ತಕದಲ್ಲೂ ಇರಲಿಲ್ಲ.

ನೆತ್ತರು ಹರಿದದ್ದು ಈ ಗಂಟಿನ ಬಳಿಯಲ್ಲಿಯೇ. ಕಲ್ಲಿದ್ದಲು ಇಳಿಸುವವರು ದಿನದ ಕೆಲಸ ಮುಗಿದ ಮೇಲೆ ಒಂದಿಷ್ಟು ಇದ್ದಲನ್ನು ಹೊತ್ತೊಯ್ಯುವುದು ಹಳೆಯ ವಾಡಿಕೆ. ನಮ್ಮ ಕಣದಲ್ಲಿ ಆಯಗಾರರಿಗೆ ಸಲ್ಲುವ ಕಾಳಿನಂತೆ ಅದು ತಮ್ಮ ಹಕ್ಕೆಂದೇ ಅವರ ಭಾವನೆ. ಕಾಲ್ಹೂನನ ಕಚೇರಿಗೆ ಅದು ಕಳವು. 1798ರ ಅಕ್ಟೋಬರ್ 16ರಂದು ಇಂಥವರಿಗೆ ತಲಾ 40 ಷಿಲಿಂಗ್ ದಂಡ ವಿಧಿಸಿದಾಗ ದೊಡ್ಡ ಗುಂಪೊಂದು ಕಚೇರಿಗೆ ಮುತ್ತಿಗೆ ಹಾಕಿತು. ಕಲ್ಲುಗಳು ತೂರಿಬಂದವು, ಗುಂಡುಗಳು ಹಾರಿದವು. ಗುಂಪಿನಲ್ಲೊಬ್ಬ ಸತ್ತ. ಕಚೇರಿಯ ಕಡೆಯ ಗೇಬ್ರಿಯಲ್ ಫ್ರಾಂಕ್ಸ್ ಗುಂಡೇಟಿನಿಂದ ನರಳಿ ಕೆಲವು ದಿನಗಳಲ್ಲಿ ತೀರಿಕೊಂಡ. ಮುಂದಾಳೆಂದು ಹಿಡಿದ ಜೇಮ್ಸ್ ಐಯರ್ಸನಿಗೆ ಮರಣದಂಡನೆಯಾಯಿತು. ಅವನು ದಂಡ ತೆತ್ತವರಲ್ಲೊಬ್ಬನ ಸೋದರ. ನೇಣಿಲ್ಲದೆ ಕಳವನ್ನು ತಡೆಯಹೊರಟ ಪ್ರಯೋಗ ಕೆಲವೇ ತಿಂಗಳಲ್ಲಿ ನೇಣುಗಂಬದ ಬಳಿ ಬಂದು ನಿಂತಿತು.

ಲೆಕ್ಕದ ದೃಷ್ಟಿಯಿಂದ ಮಾತ್ರ ಪ್ರಯೋಗ ಗೆದ್ದಿತು. ಮೊದಲ ವರ್ಷದ ಖರ್ಚು 4,200 ಪೌಂಡು. ಉಳಿದ ಸರಕಿನ ಬೆಲೆ 1,22,000 ಪೌಂಡೆಂದು ಹೇಳಲಾಯಿತು. ತತ್ತ್ವಜ್ಞಾನಿ ಬೆಂಥಮನ ನೆರವಿನಿಂದ ಮಸೂದೆ ಸಿದ್ಧವಾಗಿ 1800ರಲ್ಲಿ ವರ್ತಕರ ಕಾವಲು ಸರ್ಕಾರದ ಪೋಲೀಸಾಯಿತು. 1802ರಲ್ಲಿ ಎತ್ತರದ ಗೋಡೆಯೊಳಗೆ ವೆಸ್ಟ್ ಇಂಡಿಯಾ ಹಡಗುಕಟ್ಟೆ ತೆರೆದು, ನಡುನದಿಯ ಸಂದಣಿಗೂ ಒಂದು ದಾರಿಯಾಯಿತು. ಇಷ್ಟು ಜೋಪಾನದಿಂದ ಕಾಯ್ದ ಸಕ್ಕರೆಯಾದರೋ ಗುಲಾಮರ ಬೆವರಿನ ಬೆಳೆ. ಆ ಕಳವನ್ನು ತಡೆಯಲು ಯಾವ ಗಸ್ತಿನ ದೋಣಿಯೂ ಹೊರಟಿರಲಿಲ್ಲ.

ಸಂಸ್ಥೆಯೊಳಗಣ ಕಳವಿನ ವಿಚಾರದಲ್ಲಿ ನಮ್ಮವರು ಹಿಂದೆ ಬಿದ್ದವರೇನಲ್ಲ. 1905ರಲ್ಲಿ ಮೈಸೂರಿನ ಪ್ರಾಚ್ಯ ಗ್ರಂಥಭಂಡಾರಕ್ಕೆ ಬಂದ ತಾಳೆಗರಿಯ ಕಟ್ಟನ್ನು ಗುರುತಿಸಿ, 1909ರಲ್ಲಿ ಆರ್. ಶಾಮಶಾಸ್ತ್ರಿಗಳು ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರವನ್ನು ತೆರೆದು ನೋಡಿ. ಅಧಿಕಾರಿಗಳು ಹಣ ನುಂಗುವ 40 ಬಗೆಗಳ ಪಟ್ಟಿಯೇ ಅಲ್ಲಿದೆ. ಸುಳಿವು ಕೊಟ್ಟವನಿಗೆ ಪತ್ತೆಯಾದ ಹಣದ ಆರನೆಯ ಒಂದು ಪಾಲು. ಅವನು ಅಲ್ಲಿನ ನೌಕರನೇ ಆದರೆ ಹನ್ನೆರಡನೆಯ ಒಂದು ಪಾಲು. ಒಬ್ಬನನ್ನೇ ಒಂದೇ ಹುದ್ದೆಯಲ್ಲಿ ಬೇರು ಬಿಡಗೊಡಬಾರದೆಂಬ ಎಚ್ಚರವೂ ಉಂಟು. ಅದೇ ಗ್ರಂಥದಲ್ಲಿ ಸಂಬಳದ ಶ್ರೇಣಿಯನ್ನು ಹೇಳುವಾಗ, ಆಮಿಷಕ್ಕೆ ಬೀಳದಿರುವಷ್ಟು ಕೊಡಬೇಕೆಂಬ ವಿವೇಕವೂ ಉಂಟು.

ಇಪ್ಪತ್ತನೆಯ ಶತಮಾನದ ಅಪರಾಧಶಾಸ್ತ್ರ ಈ ಅನುಭವಗಳಿಗೆ ಸೂತ್ರರೂಪ ಕೊಟ್ಟಿತು. ಅಪರಾಧವೆಂಬುದು ಬಡವರ ಕೇರಿಯ ರೋಗವಲ್ಲ, ಗಣ್ಯರ ಕಚೇರಿಯಲ್ಲೂ ಅದರ ಬೇರಿದೆಯೆಂದು ಅಮೆರಿಕದ ಸದರ್ಲೆಂಡ್ 1939ರಲ್ಲಿ ಸಾರಿದ. ಅವನ ಶಿಷ್ಯ ಕ್ರೆಸ್ಸಿ, ನಂಬಿದವರ ಹಣ ನುಂಗಿ ಸೆರೆಮನೆ ಸೇರಿದವರನ್ನು ಮಾತನಾಡಿಸಿ, 1953ರ ತನ್ನ ಗ್ರಂಥದಲ್ಲಿ ಮೂರು ಅಂಶಗಳನ್ನು ಎತ್ತಿ ತೋರಿಸಿದ: ಯಾರೊಡನೆಯೂ ಹೇಳಿಕೊಳ್ಳಲಾಗದ ಕಷ್ಟ, ಕೈಗೆಟಕುವ ಅವಕಾಶ, ತಪ್ಪು ತಪ್ಪಲ್ಲವೆಂದು ತನಗೆ ತಾನೇ ಹೇಳಿಕೊಳ್ಳುವ ಸಮಾಧಾನ. ಮೂರನೆಯದನ್ನು ನಮ್ಮ ಹಿರಿಯರು ಕಳ್ಳನಿಗೊಂದು ಪಿಳ್ಳೆ ನೆವ ಎಂದಿದ್ದಾರೆ. 1979ರಲ್ಲಿ ಕೋಹೆನ್ ಮತ್ತು ಫೆಲ್ಸನ್ ಎಂಬವರು ಇನ್ನೂ ಸರಳವಾಗಿ ಹೇಳಿದರು: ಕದಿಯಲು ಮನಸ್ಸಿರುವವನು, ಕದಿಯಲು ತಕ್ಕ ವಸ್ತು, ಕಾಯುವವನ ಗೈರುಹಾಜರಿ ಒಂದೆಡೆ ಕೂಡಿದಾಗ ಅಪರಾಧ. ಇಂಗ್ಲೆಂಡಿನ ರೊನಾಲ್ಡ್ ಕ್ಲಾರ್ಕ್, ಮನುಷ್ಯನ ಸ್ವಭಾವವನ್ನು ತಿದ್ದುವವರೆಗೆ ಕಾಯದೆ ಸಂದರ್ಭವನ್ನು ತಿದ್ದಿರೆಂದ.

ನಮ್ಮ ಬ್ಯಾಂಕುಗಳಲ್ಲಿ ಖಜಾನೆಗೆ ಎರಡು ಕೀಲಿ, ಇಬ್ಬರ ರುಜು, ಕಾಲಕಾಲಕ್ಕೆ ವರ್ಗ, ಅನಿರೀಕ್ಷಿತ ತಪಾಸಣೆ, ಇವೆಲ್ಲ ಅದೇ ವಿದ್ಯೆ. ಬಹುಕಾಲ ರಜೆಯನ್ನೇ ತೆಗೆದುಕೊಳ್ಳದ ಗುಮಾಸ್ತನನ್ನು ಒತ್ತಾಯದಿಂದ ರಜೆಯ ಮೇಲೆ ಕಳಿಸುವ ಪದ್ಧತಿಯೂ ಅಷ್ಟೆ. ಅವನ ಕುರ್ಚಿಯಲ್ಲಿ ಇನ್ನೊಬ್ಬ ಕುಳಿತಾಗ ಲೆಕ್ಕ ತಾನಾಗಿ ಬಾಯಿ ಬಿಡುತ್ತದೆ. ಪ್ರಾಮಾಣಿಕನಿಗೆ ಇದರಲ್ಲಿ ಅವಮಾನವಿಲ್ಲ. ಎರಡನೆಯ ಕೀಲಿ ಅವನನ್ನು ಸಂಶಯದಿಂದಲೂ ಕಾಯುತ್ತದೆ.

ಆದರೆ ಸಂಸ್ಥೆಗಳು ಕಾಲ್ಹೂನನ ಅರ್ಧ ಪಾಠವನ್ನಷ್ಟೇ ಬೇಗ ಕಲಿಯುತ್ತವೆ. ಗೋಡೆ ಎತ್ತರಿಸುವುದು, ಜೇಬು ತಡಕುವುದು, ಮೂಲೆಗೊಂದು ಕ್ಯಾಮೆರಾ ಇಡುವುದು ಸುಲಭ. ಕಾಲ್ಹೂನ್ ಜೇಬು ಹೊಲಿಸಿದ ದಿನವೇ ಕೂಲಿಯನ್ನೂ ಗೊತ್ತುಮಾಡಿದ್ದನೆಂಬುದು ಮರೆತುಹೋಗುತ್ತದೆ. ಕಡಮೆ ಕೂಲಿ ಕೊಟ್ಟು ಚಿಲ್ಲರೆ ಕಳವಿಗೆ ಕಣ್ಣು ಮುಚ್ಚುವ ಧಣಿ ಒಂದು ಒಪ್ಪಂದವನ್ನು ಮಾಡಿಕೊಂಡಂತೆಯೇ ಸರಿ. ಮುಂದೊಂದು ದಿನ ಏಕಾಏಕಿ ಕಣ್ಣು ತೆರೆದು ಕಳ್ಳನೆಂದು ಕೂಗಿದರೆ, ಎದುರಿಗಿರುವವನಿಗೆ ಅದು ನ್ಯಾಯವಾಗಿ ಕಾಣುವುದಿಲ್ಲ, ವಚನಭಂಗವಾಗಿ ಕಾಣುತ್ತದೆ. ವಾಪಿಂಗಿನ ಕಚೇರಿಯ ಮುಂದೆ ಗುಂಪು ಕೂಗಿದ್ದು ಬರಿಯ ಇದ್ದಲಿಗಾಗಿಯಲ್ಲ. ಕಾವಲನ್ನು ಬಿಗಿಮಾಡುವ ಮುನ್ನ ಕೊಡಬೇಕಾದದ್ದನ್ನು ಕೊಟ್ಟಿದ್ದೇವೆಯೇ ಎಂದು ತಮ್ಮ ಲೆಕ್ಕದ ಪುಸ್ತಕವನ್ನೊಮ್ಮೆ ತಿರುವಿ ನೋಡುವುದು ಧಣಿಗಳ ಮೊದಲ ಕೆಲಸ.