ಎಮ್ಮೆಯನ್ನು ಬಿಟ್ಟು ಮೊಸರು

ಸೂಪರ್ ಮಾರ್ಕೆಟ್ಟಿನ ಫ್ರಿಡ್ಜಿನಲ್ಲಿ ಈಗ ಬಾದಾಮಿ ಮೊಸರು, ತೆಂಗಿನ ಹಾಲಿನ ಮೊಸರು, ಸೋಯಾ ಮೊಸರು ಸಾಲಾಗಿ ಕೂತಿರುತ್ತವೆ. ಅಂಗೈಯಷ್ಟು ಡಬ್ಬಿ, ಬೆಲೆ ಮಾತ್ರ ಅರ್ಧ ಲೀಟರ್ ಮಾಮೂಲಿ ಮೊಸರಿಗಿಂತ ಜಾಸ್ತಿ. ಇದೆಲ್ಲ ಈಚೆಗೆ ಬಂದ ಶೋಕಿ ಅಂತ ನಮ್ಮ ಆಫೀಸಿನಲ್ಲಿ ಬಹಳ ಜನ ಹೇಳ್ತಾರೆ. ಶೋಕಿ ಇದ್ದರೂ ಇರಬಹುದು, ಈಚಿನದಂತೂ ಅಲ್ಲ. ಲಿ ಯುಯಿಂಗ್ ಎಂಬ ಚೀನೀ ವಿದ್ಯಾವಂತ ಪ್ಯಾರಿಸ್ಸಿನ ಪಕ್ಕದ ಕೊಲೊಂಬ್‌ನಲ್ಲಿ ಸೋಯಾ ಕಾರ್ಖಾನೆ ನಡೆಸುತ್ತಿದ್ದ. 1910ರಲ್ಲಿ ಆತ ಪೇಟೆಂಟಿಗೆ ಹಾಕಿದ ಅರ್ಜಿಯಲ್ಲೇ ಸೋಯಾ ಹಾಲನ್ನು ಹುದುಗಿಸಿ ಮೊಸರು ಮಾಡುವ ಮಾತಿದೆ.

ನಮ್ಮ ದೇಶದ ಕಥೆ ಇನ್ನೂ ಸ್ವಾರಸ್ಯ, ಅದರಲ್ಲಿ ಗಾಂಧೀಜಿ ಇದ್ದಾರೆ. 1912ರಲ್ಲಿ ದಕ್ಷಿಣ ಆಫ್ರಿಕಾದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಗೆಳೆಯ ಕಾಲನ್‌ಬಾಕ್ ಜೊತೆ ಅವರು ಹಾಲು ಬಿಟ್ಟರು. 1918ರಲ್ಲಿ ಖೇಡಾದಲ್ಲಿ ಊರೂರು ಸುತ್ತುವಾಗ ಅವರ ಮುಖ್ಯ ಆಹಾರ ಅರೆದ ಕಡಲೆಕಾಯಿ ಬೀಜ ಮತ್ತು ನಿಂಬೆಹಣ್ಣು. ಕೊನೆಗೆ ಆಮಶಂಕೆ ಹಿಡಿದು ಸಾವಿನ ಹತ್ತಿರ ಹೋಗಿ ಬಂದರು. ಹಾಲು ಕುಡಿಯದೆ ದೇಹ ಮತ್ತೆ ಕಟ್ಟೋಕಾಗಲ್ಲ ಅಂದರು ಡಾಕ್ಟರು. ಪ್ರತಿಜ್ಞೆ ಇರೋದು ಹಸು ಎಮ್ಮೆ ಹಾಲಿಗೆ ತಾನೇ, ಮೇಕೆ ಹಾಲಿಗೇನು ಅಡ್ಡಿ ಅಂತ ಕಸ್ತೂರಬಾ ದಾರಿ ತೋರಿಸಿದರು. ಹಾಲಿನ ಜಾಗಕ್ಕೆ ನಿಲ್ಲುವ ಸಸ್ಯಾಹಾರ ಯಾವುದಾದರೂ ಇದ್ದರೆ ತಿಳಿಸಿ ಅಂತ ಅವರು ಆತ್ಮಕಥೆಯಲ್ಲಿ ಓದುಗರನ್ನೇ ಕೇಳಿಕೊಂಡಿದ್ದಾರೆ. ಅದು ಪತ್ರಿಕೆಯಲ್ಲಿ ಕಂತುಗಳಾಗಿ ಬರುತ್ತಿದ್ದ ಕಾಲದಲ್ಲೇ, 1927ರಲ್ಲಿ, ಅವರು ಬೆಂಗಳೂರಿನಲ್ಲಿದ್ದರು. ಆಡುಗೋಡಿಯ ಸರ್ಕಾರಿ ಡೈರಿಗೆ ಹೋಗಿ ಹಸು ಸಾಕುವುದನ್ನು ಕಲಿತರು. ನಾವು ದಿನಾ ಸಿಲ್ಕ್ ಬೋರ್ಡ್ ಕಡೆ ಹೋಗುವಾಗ ದಾಟುವ ಹೊಸೂರು ರಸ್ತೆಯ ಆ ಡೈರಿ ಸಂಸ್ಥೆ ಈಗಲೂ ಇದೆ.

ಅವರ ಪ್ರಶ್ನೆಯನ್ನು ವಿಜ್ಞಾನಿಗಳು ಕೈಗೆತ್ತಿಕೊಂಡದ್ದೂ ಇದೇ ಊರಲ್ಲಿ. ಎರಡನೇ ಮಹಾಯುದ್ಧದ ಕಾಲ, ಆಹಾರದ ಬರ. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಪ್ರೊಫೆಸರ್ ಆಗಿದ್ದ ವಿ. ಸುಬ್ರಹ್ಮಣ್ಯನ್ ಸೋಯಾ ಹಾಲಿನ ಮೇಲೆ ಕೆಲಸ ಮಾಡಿದರು. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಸಿಎಫ್‌ಟಿಆರ್‌ಐ ಶುರುವಾದಾಗ ಅವರೇ ಮೊದಲ ನಿರ್ದೇಶಕರು. ಅಲ್ಲಿ ಸೋಯಾ ಬದಲು ನಮ್ಮದೇ ಬೆಳೆ ಬಂತು: ಕಡಲೆಕಾಯಿ. ಅದರಿಂದ ಹಾಲು ತೆಗೆದರು, ಹೆಪ್ಪು ಹಾಕಿ ಮೊಸರೂ ಮಾಡಿದರು. ಪಾವಗಡದ ಕಡೆ ಬೆಳೆದ ನನಗೆ ಇದರ ಲೆಕ್ಕ ಥಟ್ಟನೆ ಅರ್ಥವಾಗುತ್ತೆ. ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ಎಮ್ಮೆಗೆ ಹೋಗುತ್ತೆ, ಅದರ ಪ್ರೋಟೀನಿನಲ್ಲಿ ಸ್ವಲ್ಪ ಭಾಗ ಮಾತ್ರ ಹಾಲಾಗಿ ವಾಪಸ್ ಬರುತ್ತೆ. ಮಧ್ಯೆ ನಿಂತಿರೋ ಎಮ್ಮೆಯನ್ನೇ ಬೈಪಾಸ್ ಮಾಡಿ, ಹಾಲು ಕೊಳ್ಳಲಾಗದವರ ಮಕ್ಕಳಿಗೆ ಆ ಪ್ರೋಟೀನನ್ನು ನೇರವಾಗಿ ಕೊಡೋಣ ಅನ್ನೋದು ಮೈಸೂರಿನವರ ಯೋಚನೆ.

ರುಚಿ ಹೇಗಿದ್ದಿರಬಹುದು? ಮನೆಯಲ್ಲೇ ಮಾಡಿದೆ. ರಾತ್ರಿ ನೆನೆಸಿ, ರುಬ್ಬಿ, ಸೋಸಿ, ಕಾಯಿಸಿ, ಉಗುರುಬೆಚ್ಚಗಿರುವಾಗ ಹಸಿಮೆಣಸಿನಕಾಯಿ ತೊಟ್ಟು ಹಾಕಿಟ್ಟೆ. ಅಂಗಡಿಯ ಮೂರು ಡಬ್ಬಿಗಳ ಪಕ್ಕ ಇಟ್ಟು ಮನೆಯವರಿಗೆಲ್ಲ ಚಮಚ ಕೊಟ್ಟೆ. ಗೆದ್ದದ್ದು ತೆಂಗು. ನುಣುಪು, ಕೆನೆ ಕೆನೆ. ಆದರೆ ಅದು ಹೆಪ್ಪುಗಟ್ಟಿದ್ದು ಅನ್ನೋದಕ್ಕಿಂತ ಹಿಟ್ಟು ಹಾಕಿ ನಿಲ್ಲಿಸಿದ್ದು. ಡಬ್ಬಿಯ ಹಿಂದೆ ಓದಿದರೆ ಪಿಷ್ಟ, ಪೆಕ್ಟಿನ್ ಎಲ್ಲ ಕಾಣುತ್ತೆ. ಹಸುವಿನ ಹಾಲು ಹುಳಿಯಾದಾಗ ಕೇಸೀನ್ ಒಂದಕ್ಕೊಂದು ಅಂಟಿ ಬಲೆ ಕಟ್ಟುತ್ತೆ, ನೀರನ್ನು ಹಿಡಿದಿಡುತ್ತೆ. ತೆಂಗಿನ ಹಾಲಲ್ಲಿ ಹಾಗೆ ಬಲೆ ಕಟ್ಟುವಷ್ಟು ಪ್ರೋಟೀನೇ ಇಲ್ಲ. ಬಾದಾಮಿ ಡಬ್ಬಿಗೆ ಸಪ್ಪೆ ಅನ್ನೋದು ಬಿಟ್ಟು ಬೇರೆ ದೂರು ಬರಲಿಲ್ಲ. ಸೋಯಾ ಗಟ್ಟಿಯಾಗಿತ್ತು, ಹಸಿ ಕಾಳಿನ ವಾಸನೆ ಮಾತ್ರ ಹೋಗಿರಲಿಲ್ಲ. ನೆನೆದ ಕಾಳು ತಣ್ಣೀರಲ್ಲಿ ಅರೆದ ಕ್ಷಣದಲ್ಲೇ ಅದರೊಳಗಿನ ಕಿಣ್ವ ಕೊಬ್ಬನ್ನು ಒಡೆದು ಆ ವಾಸನೆ ಹುಟ್ಟಿಸುತ್ತೆ; ಕುದಿಯುವ ನೀರಲ್ಲೇ ರುಬ್ಬಿದರೆ ತಪ್ಪುತ್ತೆ ಅಂತ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 1960ರ ದಶಕದಲ್ಲಿ ತೋರಿಸಿಕೊಟ್ಟರು. ಇನ್ನು ನನ್ನ ಕಡಲೆಕಾಯಿ ಮೊಸರು: ಬೂದು ಛಾಯೆ, ಅಲುಗಾಡಿಸಿದರೆ ನೀರು ಬಿಡುತ್ತೆ, ಹುಳಿ ಸರಿಯಾಗಿದೆ, ನುಂಗಿದ ಮೇಲೆ ಬೀಜದ ರುಚಿ ನಾಲಿಗೆಯಲ್ಲೇ ನಿಲ್ಲುತ್ತೆ. "ಒಗ್ಗರಣೆ ಹಾಕಿದ್ರೆ ಒಳ್ಳೇ ಚಟ್ನಿ" ಅಂದರು ಅಮ್ಮ. ನಿಜ ಹೇಳಬೇಕಂದ್ರೆ ಸೌತೆಕಾಯಿ ಹಾಕಿ ಮೊಸರುಬಜ್ಜಿ ಮಾಡಿದಾಗ ಯಾರಿಗೂ ಗೊತ್ತಾಗಲಿಲ್ಲ.

ಆದರೂ ತೆಂಗು ಗೆದ್ದ ಈ ಪರೀಕ್ಷೆ ಸುಬ್ರಹ್ಮಣ್ಯನ್ ಅವರ ಪರೀಕ್ಷೆಯಲ್ಲ. ಅವರಿಗೆ ಬೇಕಿದ್ದದ್ದು ಮಗುವಿನ ತಟ್ಟೆಯಲ್ಲಿ ಹಾಲಿನ ಕೆಲಸ ಮಾಡುವ ವಸ್ತು. ಆ ಲೆಕ್ಕದಲ್ಲಿ ತೆಂಗು ಮೊದಲ ಸುತ್ತಲ್ಲೇ ಔಟ್. ಕಡಲೆಕಾಯಿ ಬೀಜದ ತೂಕದಲ್ಲಿ ಹೆಚ್ಚೂಕಡಿಮೆ ಕಾಲು ಭಾಗ ಪ್ರೋಟೀನು.

ಇಷ್ಟಿದ್ದೂ ಕಡಲೆಕಾಯಿ ಮೊಸರು ಮನೆ ಮನೆಗೆ ಬರಲಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 1 ಲಕ್ಷ ಟರ್ಕಿ ಕೋಳಿಗಳು ಸತ್ತವು. ಕಾರಣ ಹುಡುಕಿದರೆ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ. ಆ ಬೂಷ್ಟಿನ ವಿಷಕ್ಕೆ ಅಫ್ಲಾಟಾಕ್ಸಿನ್ ಅಂತ ಹೆಸರಿಟ್ಟರು. ಅಲ್ಲಿಂದ ಕಡಲೆಕಾಯಿಯನ್ನು ಮಕ್ಕಳ ಆಹಾರ ಮಾಡುವ ಎಲ್ಲ ಯೋಜನೆಗಳ ಮೇಲೂ ಅನುಮಾನ. ಆಮೇಲೆ ಮೈಸೂರಿನವರು ರೂಪಿಸಿದ ಮಿಲ್ಟೋನ್‌ನಲ್ಲಿ ಕಡಲೆಕಾಯಿ ಪ್ರೋಟೀನು ಹಾಲಿನ ಬದಲು ಬರಲಿಲ್ಲ, ಹಾಲನ್ನೇ ಹಿಗ್ಗಿಸೋಕೆ ಬಂತು. ಅಷ್ಟರಲ್ಲಿ 1970ರಲ್ಲಿ ಆಪರೇಷನ್ ಫ್ಲಡ್ ಶುರುವಾಯಿತು. ಹಳ್ಳಿ ಹಳ್ಳಿಗೆ ಹಾಲಿನ ಸೊಸೈಟಿ ಬಂತು, ನಮ್ಮೂರಿಗೂ ಬಂತು. ಬೆಳಗ್ಗೆ ಕ್ಯಾನ್ ಹಿಡಿದು ಸಾಲು ನಿಂತರೆ ವಾರಕ್ಕೊಮ್ಮೆ ಕೈಗೆ ದುಡ್ಡು. ಹಿಂಡಿ ಮತ್ತೆ ಎಮ್ಮೆಯ ಕಲಗಚ್ಚಿನ ಬಾನಿಗೇ ಹೋಯಿತು.