ಉಡುವ ಬಟ್ಟೆ ತೊಡುವ ಬಟ್ಟೆಯಾದಾಗ

ಸೀರೆ, ಪಂಚೆಗಳನ್ನು ನಾವು ಉಡುತ್ತೇವೆ; ಅಂಗಿ, ರವಿಕೆಗಳನ್ನು ತೊಡುತ್ತೇವೆ. ಹೊಲಿಯದ ಬಟ್ಟೆಗೆ ಒಂದು ಮಾತು, ಹೊಲಿದ ಬಟ್ಟೆಗೆ ಇನ್ನೊಂದು. ಕನ್ನಡದ ಈ ಭೇದವನ್ನು ನೆನಪಿನಲ್ಲಿಟ್ಟುಕೊಂಡರೆ ಸ್ಕಾಟ್ಲೆಂಡಿನ ಗಂಡಸರ ಉಡುಪಾದ ಕಿಲ್ಟಿನ ಇತಿಹಾಸ ಸುಲಭವಾಗಿ ಅರ್ಥವಾಗುತ್ತದೆ. ಮಂಡಿಯವರೆಗೆ ಬರುವ, ಹಿಂದೆಲ್ಲ ನಿರಿಗೆಗಳಿರುವ ಈ ಉಣ್ಣೆಯ ಉಡುಪು ಅನಾದಿಕಾಲದಿಂದಲೂ ಹೀಗೆಯೇ ಇತ್ತೆಂದು ಅನೇಕರು ತಿಳಿದಿದ್ದಾರೆ. ಆದರೆ ಅದು ಮೊದಲು ಉಡುವ ಬಟ್ಟೆಯಾಗಿತ್ತು. ದರ್ಜಿಯ ಕೈಗೆ ಬಂದು ತೊಡುವ ಬಟ್ಟೆಯಾದದ್ದು 18ನೇ ಶತಮಾನದ ಕೊನೆಯ ಭಾಗದಲ್ಲಿ.

16ನೇ ಶತಮಾನದ ಅಂತ್ಯದ ವೇಳೆಗೆ ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಾಡಾದ ಹೈಲ್ಯಾಂಡ್ಸ್‌ನಲ್ಲಿ ಗಂಡಸರು ಸುಮಾರು 4-5 ಗಜ ಉದ್ದ, ಒಂದೂವರೆ ಗಜ ಅಗಲದ ಉಣ್ಣೆ ಬಟ್ಟೆಯೊಂದನ್ನು ಉಡುತ್ತಿದ್ದರು. ಅಲ್ಲಿನ ಗೇಲಿಕ್ ಭಾಷೆಯಲ್ಲಿ ಇದಕ್ಕೆ ‘ಫೇಲೆ ಮೋರ್’, ಅಂದರೆ ದೊಡ್ಡ ಕಿಲ್ಟ್ ಎಂದು ಹೆಸರು. ಆಗಿನ ಮಗ್ಗಗಳ ಅಗಲ ಸಾಲದ್ದರಿಂದ ಎರಡು ಪಟ್ಟಿಗಳನ್ನು ಜೋಡಿಸಿಕೊಳ್ಳುತ್ತಿದ್ದರು. ಅದನ್ನು ನಿರಿಗೆ ಹಿಡಿದು ಸೊಂಟಕ್ಕೆ ಬೆಲ್ಟು ಬಿಗಿದರೆ ಕೆಳಭಾಗ ಲಂಗದಂತೆ ಇಳಿಯುತ್ತಿತ್ತು, ಮೇಲ್ಭಾಗ ಹೆಗಲಿನ ಹೊದಿಕೆಯಾಗುತ್ತಿತ್ತು. ರಾತ್ರಿ ಅದೇ ಕಂಬಳಿ.

ಇಂಥ ಬಟ್ಟೆಗೆ ಅಳತೆಯ ಗೊಡವೆಯೇ ಇಲ್ಲ. ದಪ್ಪಗಿರುವವನು ನಿರಿಗೆ ಕಡಿಮೆ ಹಿಡಿಯುತ್ತಾನೆ, ಸಣಕಲನು ಹೆಚ್ಚು ಹಿಡಿಯುತ್ತಾನೆ. ಮೈಗೆ ತಕ್ಕಂತೆ ಬಟ್ಟೆಯನ್ನು ಹೊಂದಿಸುವ ಕೆಲಸವನ್ನು ಉಡುವವನೇ ದಿನವೂ ಬೆಳಿಗ್ಗೆ ಮಾಡಿಕೊಳ್ಳುತ್ತಿದ್ದ.

18ನೇ ಶತಮಾನದ ಮೊದಲ ಭಾಗದಲ್ಲಿ ಮೇಲ್ಭಾಗವನ್ನು ಬಿಟ್ಟು ಕೆಳಭಾಗವನ್ನಷ್ಟೇ ಉಡುವ ‘ಫೇಲೆ ಬೆಗ್’, ಅಂದರೆ ಚಿಕ್ಕ ಕಿಲ್ಟ್ ಬಳಕೆಗೆ ಬಂತು. ಗ್ಲೆನ್‌ಗ್ಯಾರಿ ಪ್ರದೇಶದಲ್ಲಿ ಕಬ್ಬಿಣದ ಕುಲುಮೆ ನಡೆಸುತ್ತಿದ್ದ ಥಾಮಸ್ ರಾಲಿನ್‌ಸನ್ ಎಂಬ ಇಂಗ್ಲಿಷ್ ಉದ್ಯಮಿ ತನ್ನ ಕೆಲಸಗಾರರ ಅನುಕೂಲಕ್ಕಾಗಿ ಇದನ್ನು ರೂಪಿಸಿದನೆಂದು 1785ರಲ್ಲಿ ಅಚ್ಚಾದ ಪತ್ರವೊಂದು ಹೇಳುತ್ತದೆ. ಇತಿಹಾಸಕಾರ ಹ್ಯೂ ಟ್ರೆವರ್-ರೋಪರ್ 1983ರಲ್ಲಿ ಈ ಕಥೆಗೆ ಹೆಚ್ಚು ಪ್ರಚಾರ ಕೊಟ್ಟರು. ಎಲ್ಲರೂ ಅದನ್ನು ಒಪ್ಪಿಲ್ಲ. ಅದೇನೇ ಇರಲಿ, ಈ ಚಿಕ್ಕ ಕಿಲ್ಟ್ ಕೂಡ ಮೊದಲಿಗೆ ನಿರಿಗೆ ಹಿಡಿದು ಉಡುವ ಬಟ್ಟೆಯೇ.

ನಿಷೇಧ ಮತ್ತು ಸೈನ್ಯ

1746ರ ಏಪ್ರಿಲ್ 16ರಂದು ಕಲೊಡನ್ ಕದನದಲ್ಲಿ ಜಾಕಬೈಟ್ ಬಂಡಾಯ ಸೋತಿತು. ಅದೇ ವರ್ಷ ಬ್ರಿಟಿಷ್ ಸಂಸತ್ತು ಹೈಲ್ಯಾಂಡ್ ಉಡುಪನ್ನೇ ನಿಷೇಧಿಸಿತು. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳ ಸೆರೆಮನೆ; ಎರಡನೆಯ ಸಲಕ್ಕೆ ಏಳು ವರ್ಷ ಸಾಗರದಾಚೆಗೆ ಗಡೀಪಾರು! ಈ ಕಾನೂನು ರದ್ದಾದದ್ದು 1782ರಲ್ಲಿ. ಅಷ್ಟರಲ್ಲಿ ಒಂದು ಇಡೀ ಪೀಳಿಗೆ ಕಿಲ್ಟ್ ಉಡದೆಯೇ ಬೆಳೆದಿತ್ತು.

ನಿಷೇಧದಿಂದ ವಿನಾಯಿತಿ ಇದ್ದದ್ದು ಸೈನ್ಯಕ್ಕೆ ಮಾತ್ರ. ಬ್ರಿಟಿಷ್ ಸೈನ್ಯದ ಹೈಲ್ಯಾಂಡ್ ದಳಗಳಲ್ಲಿ ಕಿಲ್ಟ್ ಸಮವಸ್ತ್ರವಾಗಿ ಉಳಿದುಕೊಂಡಿತು. ಸಾಲಾಗಿ ನಿಂತ ಸಿಪಾಯಿಗಳ ನಿರಿಗೆಗಳು ಒಂದೇ ಬಗೆಯಲ್ಲಿರಬೇಕಾದರೆ ಅವನ್ನು ಹೊಲಿದುಬಿಡುವುದೇ ಲೇಸಲ್ಲವೇ? 1790ರ ದಶಕದ ವೇಳೆಗೆ ನಿರಿಗೆ ಹೊಲಿದ ಕಿಲ್ಟುಗಳು ಬಂದವು. ಹೊಂದಿಸುವ ಹೊಣೆ ಉಡುವವನಿಂದ ದರ್ಜಿಗೆ ವರ್ಗವಾಯಿತು.

ಈ ಹೊಣೆ ಎಷ್ಟು ಕಷ್ಟದ್ದೆಂಬುದಕ್ಕೆ ದೊರೆ ನಾಲ್ಕನೇ ಜಾರ್ಜ್‌ನೇ ಸಾಕ್ಷಿ. 1822ರ ಆಗಸ್ಟ್‌ನಲ್ಲಿ ಆತ ಎಡಿನ್‌ಬರೋಗೆ ಭೇಟಿ ಕೊಟ್ಟ. ಸ್ವಾಗತದ ಏರ್ಪಾಡು ಕಾದಂಬರಿಕಾರ ವಾಲ್ಟರ್ ಸ್ಕಾಟ್‌ನದು. ಅರವತ್ತರ ವಯಸ್ಸಿನ ಸ್ಥೂಲಕಾಯದ ದೊರೆ ಹೋಲಿರೂಡ್ ಅರಮನೆಯಲ್ಲಿ ಕಿಲ್ಟ್ ತೊಟ್ಟು ನಿಂತ. ಹೈಲ್ಯಾಂಡ್ ಉಡುಪು ಮತ್ತು ಅದರ ಆಭರಣ, ಆಯುಧಗಳಿಗೆ ಬಂದ ಬಿಲ್ಲು 1,354 ಪೌಂಡು. ಆದರೂ ಕಿಲ್ಟ್ ಮಂಡಿಯಿಂದ ಬಹಳ ಮೇಲಿತ್ತು. ಕಾಲು ಮುಚ್ಚಲು ಗುಲಾಬಿ ಬಣ್ಣದ ಬಿಗಿ ಚಡ್ಡಿ ಬೇರೆ! ವ್ಯಂಗ್ಯಚಿತ್ರಕಾರರಿಗೆ ಹಬ್ಬವಾಯಿತು. ಡೇವಿಡ್ ವಿಲ್ಕಿ 1829ರಲ್ಲಿ ಮುಗಿಸಿದ ಚಿತ್ರದಲ್ಲಿ ಮಾತ್ರ ದೊರೆ ಸಪೂರವಾಗಿ, ಕಿಲ್ಟ್ ಸರಿಯಾದ ಉದ್ದಕ್ಕಿದೆ. ದರ್ಜಿಯಿಂದ ಆಗದ್ದನ್ನು ಕುಂಚ ಮಾಡಿತ್ತು.

ನಿರಿಗೆಯ ಲೆಕ್ಕ

ಹಾಗಾದರೆ ಕಿಲ್ಟನ್ನು ಮೈಗೆ ಹೊಂದಿಸುವುದು ಹೇಗೆ? ಇಂದಿನ ಸಾಂಪ್ರದಾಯಿಕ ಕಿಲ್ಟಿಗೆ ಸುಮಾರು 8 ಗಜ ಬಟ್ಟೆ ಬೇಕು. ಮುಂದೆ ಒಂದರ ಮೇಲೊಂದು ಬರುವ ಎರಡು ಸಪಾಟು ಪದರಗಳು, ಹಿಂದೆ ನಿರಿಗೆಗಳು. ಅಳತೆಗಳು ಮುಖ್ಯವಾಗಿ ಮೂರೇ: ಸೊಂಟ, ನಮ್ಮ ದರ್ಜಿಗಳು ಸೀಟು ಎನ್ನುವ ಸುತ್ತಳತೆ ಮತ್ತು ಮಂಡಿಯವರೆಗಿನ ಉದ್ದ.

ಒಬ್ಬನ ಸೊಂಟ 32 ಅಂಗುಲ, ಸೀಟು 40 ಅಂಗುಲ ಎಂದಿಟ್ಟುಕೊಳ್ಳೋಣ. ಸುತ್ತಳತೆಯ ಅರ್ಧವನ್ನು ಮುಂದಿನ ಪದರ, ಉಳಿದರ್ಧವನ್ನು ನಿರಿಗೆಗಳು ಆವರಿಸಿದರೆ, ನಿರಿಗೆಗಳ ಸಾಲು ಸೀಟಿನ ಬಳಿ 20 ಅಂಗುಲ, ಸೊಂಟದ ಬಳಿ 16 ಅಂಗುಲ ಇರಬೇಕು. ನಿರಿಗೆಗಳು 25 ಇದ್ದರೆ ಒಂದೊಂದೂ ಕೆಳಗೆ 0.80 ಅಂಗುಲ, ಮೇಲೆ 0.64 ಅಂಗುಲ ಕಾಣಬೇಕು. ಒಂದೊಂದು ನಿರಿಗೆಯಲ್ಲಿ ಅಂಗುಲದ 25ನೇ ಒಂದು ಭಾಗ ತಪ್ಪಿದರೂ ಕಿಲ್ಟ್ ಒಂದು ಅಂಗುಲ ಬಿಗಿಯಾಗುತ್ತದೆ ಅಥವಾ ಸಡಿಲವಾಗುತ್ತದೆ.

ಇಷ್ಟಕ್ಕೇ ಮುಗಿಯಲಿಲ್ಲ. ಟಾರ್ಟನ್ ಎಂಬ ಚೌಕಳಿ ಬಟ್ಟೆಯನ್ನು ಎಷ್ಟು ಮಡಿಸಿದರೂ ಹಿಂದಿನಿಂದ ನೋಡಿದಾಗ ಚೌಕಳಿ ಮುರಿಯದಂತೆ ಕಾಣಬೇಕು. ಸೈನ್ಯದ ಪದ್ಧತಿಯಲ್ಲಾದರೆ ಪ್ರತಿ ನಿರಿಗೆಯ ನಡುವೆ ಒಂದೇ ಗೆರೆ ಬರಬೇಕು. ಚೌಕಳಿಯ ಅಳತೆ ನೇಕಾರನದು, ನಿರಿಗೆಯ ಅಳತೆ ತೊಡುವವನ ಮೈಯದು. ಆದ್ದರಿಂದ ಗಿರಾಕಿ ಬದಲಾದಾಗಲೆಲ್ಲ ಲೆಕ್ಕ ಮೊದಲಿನಿಂದ!

ಸೊಂಟ ಸಣ್ಣ, ಸೀಟು ದೊಡ್ಡದಾಗಿರುವವರಿಗೆ ನಿರಿಗೆಗಳು ಮೇಲೆ ಹೆಚ್ಚು ಕಿರಿದಾಗುತ್ತಾ ಹೋಗಬೇಕು. ಕಿಲ್ಟ್ ತೊಡುವ ಅನೇಕ ಹೆಂಗಸರ ಮೈಕಟ್ಟು ಇಂಥದ್ದು. ಹೊಟ್ಟೆ ಬಂದವರ ಸೊಂಟ ಸೀಟಿಗೆ ಸಮನಾಗಿರಬಹುದು, ಮೀರಿರಲೂಬಹುದು. ಅವರ ನಿರಿಗೆಗಳು ನೇರವಾಗಿಯೇ ಇಳಿಯುತ್ತವೆ. ಅವು ಪಕ್ಕಕ್ಕೆ ಎಳೆದುಕೊಳ್ಳದಂತೆ ಮುಂದಿನ ಪದರವನ್ನು ಅಗಲ ಮಾಡಬೇಕಾಗುತ್ತದೆ. ಹೊಟ್ಟೆಯ ಉಬ್ಬಿಗೆ ಮುಂಭಾಗ ಮೇಲಕ್ಕೆತ್ತಿಕೊಳ್ಳುವುದೂ ಉಂಟು. ಕಿಲ್ಟಿನ ಕೆಳ ಅಂಚನ್ನು ಸಾಮಾನ್ಯವಾಗಿ ಮಡಿಸಿ ಹೊಲಿಯುವುದಿಲ್ಲ. ಸೀರೆಯ ಅಂಚಿನಂತೆ ಅದು ಮಗ್ಗದಲ್ಲೇ ಸಿದ್ಧವಾದದ್ದು. ಹಾಗಾಗಿ ಸರಿಪಡಿಸುವುದೆಲ್ಲ ಮೇಲ್ತುದಿಯಲ್ಲೇ. ಮುಂದೆ ಮೈ ತುಸು ಹೆಚ್ಚು ಕಡಿಮೆಯಾದರೆ ಪಕ್ಕದ ಚರ್ಮದ ಪಟ್ಟಿ, ಬಕಲ್‌ಗಳು ಸಂಭಾಳಿಸುತ್ತವೆ. ಅದಕ್ಕೂ ಮೀರಿದರೆ ಹೊಲಿಗೆ ಬಿಚ್ಚಿ ಮತ್ತೆ ಕೂರಬೇಕು.

ಈ ಕೆಲಸವನ್ನು ಕೈಯಲ್ಲೇ ಮಾಡುವವರು ಈಗ ವಿರಳ. ಬ್ರಿಟನ್ನಿನ ಹೆರಿಟೇಜ್ ಕ್ರಾಫ್ಟ್ಸ್ ಸಂಸ್ಥೆ 2021ರಲ್ಲಿ ಕಿಲ್ಟ್ ತಯಾರಿಕೆಯನ್ನು ಅಪಾಯದಲ್ಲಿರುವ ಕಸುಬುಗಳ ಪಟ್ಟಿಗೆ ಸೇರಿಸಿತು. ಅಗ್ಗದ ಸಿದ್ಧ ಕಿಲ್ಟುಗಳು ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತವೆ, ಆದರೆ ಅವು ಬರುವುದು ಕೆಲವೇ ಸೈಜುಗಳಲ್ಲಿ. ಒಂದು ಕಾಲಕ್ಕೆ ಹೈಲ್ಯಾಂಡ್ಸ್‌ನ ಪ್ರತಿಯೊಬ್ಬ ಗಂಡಸಿನ ಬೆರಳುಗಳಿಗೂ ಗೊತ್ತಿದ್ದ ನಿರಿಗೆಯ ವಿದ್ಯೆ ಇಂದು ಕೆಲವೇ ಹೊಲಿಗೆಗಾರರ ಬಳಿ ಉಳಿದಿದೆ. ಅವರ ಬಳಿ ಕಲಿಯುವವರು ಸಿಗದಿದ್ದರೆ, ತೊಡುವವರು ಕಿಲ್ಟಿಗೆ ತಕ್ಕಂತೆ ತಮ್ಮ ಮೈಯನ್ನೇ ಹೊಂದಿಸಿಕೊಳ್ಳಬೇಕಾಗುತ್ತದೆ.